ಹಳ್ಳ ತಿಳಿಯಾದ ಮೇಲೆ ಬರುವ ಸೊಳ್ಳೆ

ನಮ್ಮ ಅಡಿಗೆ ಮನೆ ಕಿಟಕಿಯಲ್ಲಿ ಮೂರು ದಿನದಿಂದ ಒಂದು ಹಾರ್ಲಿಕ್ಸ್ ಬಾಟಲಿ ಕೂತಿದೆ. ಬಾಯಿಗೆ ಹಳೇ ಸೊಳ್ಳೆ ಪರದೆಯ ತುಂಡು, ಮೇಲೊಂದು ರಬ್ಬರ್ ಬ್ಯಾಂಡ್. ಒಳಗೆ ಎರಡು ಬೆರಳು ಹಳ್ಳದ ನೀರು, ಒಂದು ಹುಲ್ಲಿನ ಎಸಳು, ಎರಡು ಪ್ಯೂಪಾ, ಅಂದರೆ ಮರಿಹುಳ ಸೊಳ್ಳೆಯಾಗುವ ಮುಂಚಿನ ಹಂತ. ಕಾಳುಮೆಣಸಿನ ಕಾಳಿಗೆ ಬಾಲ ಬಂದ ಹಾಗಿವೆ. ಬಾಟಲಿ ಅಲುಗಿದರೆ ಪಲ್ಟಿ ಹೊಡೆಯುತ್ತಾ ತಳಕ್ಕೆ ಹೋಗುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ.

"ಊರೋರೆಲ್ಲ ಸೊಳ್ಳೆ ಓಡಿಸ್ತಾರೆ, ಇವ ಸಾಕ್ತಾನೆ" ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಅವಳ ಸಿಟ್ಟು ಸೊಳ್ಳೆ ಮೇಲಲ್ಲ. ನಾನು ತೋಟದ ಕೆಳಗಿನ ಹಳ್ಳಕ್ಕೆ ಸಾರಿನ ಸೌಟು ತೆಗೆದುಕೊಂಡು ಹೋಗಿದ್ದೆ. ಅದಕ್ಕೆ ಬೈಗುಳ ಇನ್ನೂ ಮುಗಿದಿಲ್ಲ.

ಸೌಟು ಯಾಕೆ ಅಂದರೆ, ಸೊಳ್ಳೆಯ ಮರಿಹುಳ ಹುಡುಕಲು ಅದೇ ಸರಿಯಾದ ಸಾಮಾನು. ಇಲಾಖೆಯವರ ಹತ್ತಿರ ಬಿಳಿ ಬಣ್ಣದ ಉದ್ದ ಹಿಡಿಯ ಡಿಪ್ಪರ್ ಇರುತ್ತೆ. ಅದೂ ಸೌಟೇ. ಹಳ್ಳದ ಮಧ್ಯೆ ಅದ್ದಿದರೆ ಏನೂ ಸಿಗಲ್ಲ. ಅಂಚಿನಲ್ಲಿ, ಹುಲ್ಲು ನೀರಿಗೆ ಬಾಗಿರುವ ಕಡೆ, ನೀರು ಹರಿಯುತ್ತಿದೆಯೋ ನಿಂತಿದೆಯೋ ಅಂತ ಅನುಮಾನ ಬರುವ ಜಾಗದಲ್ಲಿ ಅದ್ದಬೇಕು. ನಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಬಿದ್ದರೆ ಹುಳ ಮುಳುಗಿಬಿಡುತ್ತೆ, ಆಮೇಲೆ ಒಂದೆರಡು ನಿಮಿಷ ಉಸಿರು ಬಿಗಿಹಿಡಿದು ಕಾಯಬೇಕು. ಚರಂಡಿಯ ಸೊಳ್ಳೆಯ ಮರಿ ತಲೆ ಕೆಳಗಾಗಿ ನೇತಾಡುತ್ತೆ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯದ್ದು ನೀರಿನ ಮೇಲೆ ಕಡ್ಡಿ ಚೂರಿನ ಹಾಗೆ ಚಪ್ಪಟೆ ಮಲಗಿರುತ್ತೆ. ಅದಕ್ಕೆ ಉಸಿರಾಡುವ ಕೊಳವೆ ಇಲ್ಲ, ಹಾಗಾಗಿ ಮಲಗಲೇಬೇಕು. ಮೊದಲ ಸಲ ನೋಡಿದವರು ಕಸ ಅಂದುಕೊಂಡು ಚೆಲ್ಲಿಬಿಡುತ್ತಾರೆ. ನಾನೂ ಚೆಲ್ಲಿದ್ದೆ, ಇಲ್ಲಲ್ಲ, ಒಡಿಶಾದ ಕೋರಾಪುಟ್‌ನಲ್ಲಿ.

ಅಲ್ಲಿಗೆ ಬರುವ ಮುಂಚೆ ಅಜ್ಜಿಯ ವಿಷಯ ಹೇಳಬೇಕು.

ನಾವು ಸಾಗರ ತಾಲ್ಲೂಕಿನವರು. ಅಜ್ಜಿ ಹುಟ್ಟಿದ್ದು ಶರಾವತಿಯ ಕಡೆ ಕಾಡಿನ ಮಧ್ಯೆ ನಾಲ್ಕೇ ಮನೆಯ ಊರಲ್ಲಿ. ಅವಳ ಇಬ್ಬರು ತಮ್ಮಂದಿರು ಚಳಿಜ್ವರಕ್ಕೆ ಹೋದರು. ಅವಳಿಗೂ ಸಣ್ಣವಳಿದ್ದಾಗ ಎಡಗಡೆ ಹೊಟ್ಟೆಯಲ್ಲಿ ಗಡ್ಡೆ ಇತ್ತಂತೆ. ಜ್ವರದ ಗಡ್ಡೆ ಅನ್ನುತ್ತಿದ್ದಳು. ಅದು ಗುಲ್ಮ ಅಂತ ನನಗೆ ಗೊತ್ತಾಗಿದ್ದು ಬಿಎಸ್‌ಸಿ ಓದುವಾಗ. ಆಗಿನ ಮಲೇರಿಯಾ ಡಾಕ್ಟರುಗಳು ಊರಿಗೆ ಬಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಎಷ್ಟು ಮಕ್ಕಳಿಗೆ ಗುಲ್ಮ ದಪ್ಪ ಆಗಿದೆಯೋ ಅದೇ ಆ ಊರಿನ ಮಲೇರಿಯಾದ ಲೆಕ್ಕ.

ಮಲೆನಾಡಿಗೆ ಹೆಣ್ಣು ಕೊಡಬೇಡಿ, ಮಲೆನಾಡಿಗೆ ವರ್ಗ ಹಾಕಬೇಡಿ ಅಂತ ಬಯಲುಸೀಮೆಯವರು ಹೇಳುತ್ತಿದ್ದ ಕಾಲ ಅದು. ಅಜ್ಜಿ ನಮಗೆ ಮಕ್ಕಳಿಗೆ ಒಂದೇ ಮಾತು ಹೇಳುತ್ತಿದ್ದಳು: "ಹಳ್ಳ ತಿಳಿ ಆದ್ಮೇಲೆ ಸಂಜೆ ಹೊತ್ತು ಅತ್ಲಾಗೆ ಹೋಗ್ಬ್ಯಾಡ್ರೋ." ಮಳೆಗಾಲದಲ್ಲಿ ಹೋಗಬೇಡಿ ಅಂದರೆ ಅರ್ಥ ಆಗುತ್ತೆ, ಕೆಂಪು ನೀರು, ಕೊಚ್ಚಿಕೊಂಡು ಹೋಗುತ್ತೆ. ತಿಳಿಯಾದ ಮೇಲೆ ಯಾಕೆ? ದೆವ್ವದ ಕಥೆ ಇರಬೇಕು ಅಂದುಕೊಂಡು ಸುಮ್ಮನಿದ್ದೆ.

ಕೋರಾಪುಟ್‌ಗೆ ಹೋಗಿದ್ದು ಕೆಲಸಕ್ಕೆ. ಪ್ರಾಣಿಶಾಸ್ತ್ರ ಓದಿದವನಿಗೆ ಕೆಲಸ ಸಿಗುವುದು ಕಷ್ಟ, ಒಂದು ಯೋಜನೆಯಲ್ಲಿ ಸೊಳ್ಳೆ ಹಿಡಿಯುವವರು ಬೇಕಾಗಿದ್ದಾರೆ ಅಂತ ಸ್ನೇಹಿತ ಹೇಳಿದ. ವಿಶಾಖಪಟ್ಟಣಕ್ಕೆ ಹೋಗಿ ಅಲ್ಲಿಂದ ಅರಕು ಮೇಲೆ ಹಾಯುವ ರೈಲು ಹತ್ತಿದೆ. ಸುರಂಗದ ಮೇಲೆ ಸುರಂಗ. ಇಳಿದ ಮೇಲೆ ಮೊದಲು ಅನ್ನಿಸಿದ್ದು, ಅರೆ, ಅಡಿಕೆ ತೋಟ ಕಳೆದ ಮಲೆನಾಡು. ಅದೇ ಕೆಂಪು ಮಣ್ಣು, ಅದೇ ಗುಡ್ಡ. ಬೈನೆ ಮರ ಕೂಡ ಇದೆ. ಅಲ್ಲಿ ಅದಕ್ಕೆ ಸಲಪ ಅನ್ನುತ್ತಾರೆ, ಹೆಂಡ ಇಳಿಸುತ್ತಾರೆ. ಬೆಳಿಗ್ಗೆ ಎದ್ದರೆ ಮಂಡಿಯಾ ಪೇಜ್. ಕುಡಿದು ನೋಡಿದರೆ ನಮ್ಮ ರಾಗಿ ಅಂಬಲಿ. ಅಲ್ಲಿಗೆ ನನಗೆ ಊರು ಬಿಟ್ಟ ಬೇಜಾರು ಅರ್ಧ ಕಮ್ಮಿಯಾಯ್ತು.

ಎರಡು ಗುಡ್ಡದ ನಡುವೆ ಝರಿ ಹರಿಯುವ ಕಣಿವೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಭತ್ತ ಬೆಳೆಯುತ್ತಾರೆ. ಅದಕ್ಕೆ ಝೋಲಾ ಅಂತ ಹೆಸರು. ಬೇಸಿಗೆಯಲ್ಲೂ ನೀರು ಒಸರುತ್ತೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸಣ್ಣ ಕಾಲುವೆ, ಅಂಚಿನಲ್ಲಿ ಹುಲ್ಲು. ನೋಡಲು ಎಷ್ಟು ಚೆಂದ ಅಂದರೆ, ಮೊದಲ ವಾರ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ. ನನ್ನ ಮೊಬೈಲಿನಲ್ಲಿ ಆ ಫೋಟೋ ಈಗಲೂ ಇದೆ. ಈಗ ನೋಡಿದರೆ ಕಣ್ಣು ಸೀದಾ ಕಾಲುವೆಯ ಅಂಚಿಗೆ ಹೋಗುತ್ತೆ.

ನನ್ನ ಜೊತೆ ಕೆಲಸಕ್ಕೆ ಇದ್ದವರು ಅಲ್ಲಿನ ಒಬ್ಬ ಹಿರಿಯರು. ಎಲ್ಲರೂ ದಾದಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೀಟ ಸಂಗ್ರಹದ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಅವರಿಗೆ ಓದು ಕಮ್ಮಿ, ಕಣ್ಣು ಮಾತ್ರ ಸೂಕ್ಷ್ಮದರ್ಶಕ.

ಬೆಳಿಗ್ಗೆ ಆರಕ್ಕೆ ಮನೆಗಳಿಗೆ ಹೋಗುತ್ತಿದ್ದೆವು. ಮಣ್ಣಿನ ಗೋಡೆ, ಕಿಟಕಿ ಇಲ್ಲ, ಒಲೆಯ ಹೊಗೆ. ಕೈಯಲ್ಲಿ ಟಾರ್ಚು. ಬಾಯಲ್ಲಿ ಸಕ್ಕಿಂಗ್ ಟ್ಯೂಬ್, ಅಂದರೆ ಒಂದು ಗಾಜಿನ ಕೊಳವೆ, ಅದಕ್ಕೆ ರಬ್ಬರ್ ನಳಿಕೆ, ನಡುವೆ ಸೊಳ್ಳೆ ಗಂಟಲಿಗೆ ಹೋಗದ ಹಾಗೆ ಬಲೆ ಬಟ್ಟೆ. ಟಾರ್ಚು ಗೋಡೆಗೆ ನೇರ ಹಿಡಿಯಬಾರದು, ಓರೆ ಹಿಡಿಯಬೇಕು. ಆಗ ಸೊಳ್ಳೆಯ ನೆರಳು ಉದ್ದ ಬೀಳುತ್ತೆ. ಅನಾಫಿಲಿಸ್ ಗೋಡೆ ಮೇಲೆ ಕೂರುವ ರೀತಿಯೇ ಬೇರೆ. ತಲೆ ಗೋಡೆಗೆ, ಹಿಂಭಾಗ ಮೇಲೆ, ಮೊಳೆ ಓರೆಯಾಗಿ ಹೊಡೆದ ಹಾಗೆ. ಟ್ಯೂಬಿನ ಬಾಯಿ ನಿಧಾನಕ್ಕೆ ಹತ್ತಿರ ತಂದು ಒಂದು ಗುಟುಕು ಉಸಿರೆಳೆದರೆ ಸಾಕು. ಜೋರಾಗಿ ಎಳೆದರೆ ರೆಕ್ಕೆ ಮುರಿಯುತ್ತೆ, ರೆಕ್ಕೆ ಮುರಿದರೆ ಯಾವ ಜಾತಿ ಅಂತ ಹೇಳುವುದು ಹೇಗೆ?

ಹಿಡಿದದ್ದನ್ನು ಬೆಳಕಿಗೆ ಹಿಡಿದರೆ ಹೊಟ್ಟೆಯೇ ಗಡಿಯಾರ. ಕೆಂಪಗೆ ಉಬ್ಬಿದ್ದರೆ ನಿನ್ನೆ ರಾತ್ರಿ ರಕ್ತ ಕುಡಿದಿದೆ. ಕಪ್ಪು ಅರ್ಧ, ಬಿಳಿ ಅರ್ಧ ಇದ್ದರೆ ರಕ್ತ ಕರಗಿ ಮೊಟ್ಟೆ ಆಗುತ್ತಿದೆ. ಪೂರ್ತಿ ಬೆಳ್ಳಗಿದ್ದರೆ ಇವತ್ತು ಸಂಜೆಯೋ ನಾಳೆಯೋ ಝೋಲಾ ಕಡೆ ಹೊರಡುತ್ತೆ.

ಮೊದಲ ವರ್ಷ ನಮ್ಮ ಯೋಜನೆಯ ಕ್ಯಾಲೆಂಡರ್ ಜೂನ್‌ನಿಂದ ಸೆಪ್ಟೆಂಬರ್. ದೂರದ ನಗರದಲ್ಲಿ ಕೂತು ಯಾರೋ ಬರೆದದ್ದು. ಮಳೆಗಾಲ ಅಂದರೆ ಸೊಳ್ಳೆಗಾಲ, ಮುಗೀತು. ಬರೆದವರನ್ನು ಬೈಯುವ ಹಾಗೂ ಇಲ್ಲ, ನನ್ನ ತಲೆಯಲ್ಲೂ ಅದೇ ಇತ್ತು. ಜುಲೈ, ಆಗಸ್ಟಿನಲ್ಲಿ ಸೊಳ್ಳೆ ಸಿಕ್ಕಿದ್ದೂ ಸಿಕ್ಕಿತು. ಕೊಟ್ಟಿಗೆಗೆ ಹೋದರೆ ಟ್ಯೂಬ್ ತುಂಬುತ್ತಿತ್ತು. ಅದು ಅನಾಫಿಲಿಸ್ ಕ್ಯೂಲಿಸಿಫೇಸಿಸ್, ನಮ್ಮ ಭಾಷೆಯಲ್ಲಿ ಕ್ಯೂಲಿ. ಮಳೆನೀರು ನಿಂತ ಗುಂಡಿ, ದನದ ಗೊರಸಿನ ಗುರುತು, ಬಂಡೆಯ ಕುಳಿ, ನಾಟಿಗೆ ಮುಂಚಿನ ಗದ್ದೆ, ಎಲ್ಲಿ ಹೊಸ ನೀರು ನಿಂತರೂ ಅದಕ್ಕೆ ಮನೆ. ದೇಶದ ಬಯಲು ಹಳ್ಳಿಗಳಲ್ಲಿ ಮಲೇರಿಯಾ ಹರಡುವುದರಲ್ಲಿ ದೊಡ್ಡ ಪಾಲು ಇದರದೇ. ಆದರೆ ಅದಕ್ಕೆ ಮನುಷ್ಯನಿಗಿಂತ ದನವೇ ಇಷ್ಟ. ನೂರಾರು ಇದ್ದಾಗ ಅದರಲ್ಲಿ ಕೆಲವು ಮನುಷ್ಯರನ್ನು ಕಚ್ಚುತ್ತವೆ, ಆ ಕೆಲವೇ ಸಾಕು.

ಅದೇ ತಿಂಗಳುಗಳಲ್ಲಿ ಝರಿಯ ಅಂಚಿನಲ್ಲಿ ಡಿಪ್ಪರ್ ಅದ್ದಿದರೆ ಬರೀ ಕೆಂಪು ನೀರು. ನಾನು ಹಾಳೆಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ ಅಂತ ಬರೆದೆ. ಮೂರನೇ ವಾರ ಬೇಸರ ಬಂದು, ಈ ಝರಿ ಬಿಟ್ಟುಬಿಡೋಣ ದಾದಾ, ಇಲ್ಲಿ ಏನೂ ಇಲ್ಲ ಅಂದೆ. ಅವರು ನಕ್ಕರು. "ಈಗ ಇರಲ್ಲ ಬಾಬು, ಭತ್ತ ತೆನೆ ಬರಲಿ" ಅಂದರು.

ಸೆಪ್ಟೆಂಬರ್ ಕೊನೆಗೆ ಫೋನ್ ಬಂತು. ಫೀಲ್ಡ್ ಕೆಲಸ ನಿಲ್ಲಿಸಿ, ಜೀಪು ವಾಪಸ್ ಕಳಿಸಿ, ವರದಿ ಬರೆಯಿರಿ. ಬರೆಯಲು ಕೂತೆ. ದಾದಾ ಮಾತ್ರ ತಮ್ಮ ಟ್ಯೂಬನ್ನು ವಾಪಸ್ ಕೊಡಲಿಲ್ಲ. ಅಕ್ಟೋಬರ್ ಮೂರನೇ ವಾರ, ನಮ್ಮ ಲೆಕ್ಕದಲ್ಲಿ ಚಿತ್ತೆ ಮಳೆ ಮುಗಿಯುವ ಹೊತ್ತು, ಬೆಳಿಗ್ಗೆ ಬಾಗಿಲು ಬಡಿದು ಒಂದು ಟೆಸ್ಟ್ ಟ್ಯೂಬ್ ಮುಂದೆ ಹಿಡಿದರು. ಬಾಯಿಗೆ ಹತ್ತಿ, ಒಳಗೆ ಐದು ಸೊಳ್ಳೆ. ಸಣ್ಣವು, ಕಪ್ಪಗಿನವು. ಸಿಕ್ಕಿದ್ದು ಕೊಟ್ಟಿಗೆಯಲ್ಲಲ್ಲ, ಮನುಷ್ಯರು ಮಲಗುವ ಕೋಣೆಯಲ್ಲಿ, ನೇತು ಹಾಕಿದ್ದ ಜೋಳದ ಗೊಂಚಲಿನ ಕೆಳಗೆ.

ಲೆನ್ಸಿನಲ್ಲಿ ರೆಕ್ಕೆ ನೋಡಿದೆ. ರೆಕ್ಕೆಯ ಮೂರನೇ ನರ ಕ್ಯೂಲಿಯಲ್ಲಿ ಕಪ್ಪಗಿರುತ್ತೆ. ಇದರಲ್ಲಿ ಬೆಳ್ಳಗಿತ್ತು. ಅನಾಫಿಲಿಸ್ ಫ್ಲುವಿಯಾಟಿಲಿಸ್, ಚಿಕ್ಕದಾಗಿ ಫ್ಲುವಿ. ಲ್ಯಾಟಿನ್ನಿನಲ್ಲಿ ನದಿಯದ್ದು ಅಂತ ಅರ್ಥ. ಹಳ್ಳದ ಸೊಳ್ಳೆ ಅನ್ನೋಣ.

ಅವತ್ತು ಸಂಜೆ ಅಜ್ಜಿಯ ಮಾತು ನೆನಪಾಯ್ತು. ಮಲೆನಾಡಿನ ಜ್ವರವನ್ನು ಹೊತ್ತು ತಿರುಗುತ್ತಿದ್ದದ್ದೂ ಇದೇ ಸೊಳ್ಳೆ. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಶುರುಮಾಡಿದಾಗ ಮೂಡಿಗೆರೆಯಲ್ಲೂ ಒಂದು ಕೇಂದ್ರ ಇತ್ತು. ಆಮೇಲೆ 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮುಂಬಯಿ ಪ್ರಾಂತ್ಯದ ಧಾರವಾಡ, ಕೆನರಾ ಜಿಲ್ಲೆಗಳಲ್ಲಿ ಮನೆ ಗೋಡೆಗಳಿಗೆ ಡಿಡಿಟಿ ಹೊಡೆಸಿದರು. ಅದೂ ಮುಖ್ಯವಾಗಿ ಇದೇ ಹಳ್ಳದ ಸೊಳ್ಳೆಯ ವಿರುದ್ಧ. ಅಲ್ಲಿನ ಫಲ ನೋಡಿ ಊರೂರಿಗೆ ಧೈರ್ಯ ಬಂತು. 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಆ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಅಂತ ಅಂದಾಜಿತ್ತು. ನಮ್ಮೂರಿನ ಹಳೇ ಮನೆಗಳ ಬಾಗಿಲ ಮೇಲೆ ಡಿಡಿಟಿ ಹೊಡೆದ ತಾರೀಕು ಬರೆದಿದ್ದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ.

ವರದಿ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿದೆ. ಸ್ವಲ್ಪ ಜಗಳವೂ ಆಯ್ತು. ಕೊನೆಗೆ ಜೀಪು ಕೊಡಲ್ಲ, ಬೇಕಾದರೆ ನಡೆದುಕೊಂಡು ಮಾಡಿ ಅಂತ ಒಪ್ಪಿಗೆ ಸಿಕ್ಕಿತು. ನಡೆದೆವು.

ನವೆಂಬರಿನಲ್ಲಿ ಝರಿ ನೋಡಬೇಕಿತ್ತು. ಮಳೆ ನಿಂತು ನೀರು ಇಳಿದಿತ್ತು. ನಡುವೆ ಒಂದು ಧಾರೆ, ಎರಡೂ ಕಡೆ ಹುಲ್ಲಿನ ಬುಡದಲ್ಲಿ ಕನ್ನಡಿಯಂಥ ನೀರು, ಮೇಲೆ ಬಿಸಿಲು. ನಾನು ಸೊನ್ನೆ ಬರೆದಿದ್ದ ಅದೇ ಜಾಗದಲ್ಲಿ ಪ್ರತಿ ಎರಡನೇ ಸೌಟಿಗೂ ಹುಳ. ಆಷಾಢ ಶ್ರಾವಣದಲ್ಲಿ ಇವು ಇರಲಿಲ್ಲ ಅಂತಲ್ಲ. ಮೊಟ್ಟೆ ಇಟ್ಟಷ್ಟೂ ಪ್ರವಾಹ ಕೊಚ್ಚಿಕೊಂಡು ಹೋಗುತ್ತಿತ್ತು. ಜೋರು ಮಳೆ ಕ್ಯೂಲಿಗೆ ಹಬ್ಬ, ಫ್ಲುವಿಗೆ ಸೂತಕ. ಮಳೆ ನಿಂತು ಗುಂಡಿ ಒಣಗಿದರೆ ಕ್ಯೂಲಿ ಇಳಿಯುತ್ತೆ, ಅಷ್ಟು ಹೊತ್ತಿಗೆ ಹಳ್ಳ ತಿಳಿಯಾಗಿ ಇದರ ಪಾಳಿ ಶುರು. ಒಂದು ಅಂಗಡಿಯ ಹಗಲು ಪಾಳಿ, ರಾತ್ರಿ ಪಾಳಿ ಇದ್ದ ಹಾಗೆ. ಅಂಗಡಿ ಮುಚ್ಚುವುದೇ ಇಲ್ಲ. ಹೀಗಾಗಿ ಇಂಥ ಗುಡ್ಡಗಾಡಿನಲ್ಲಿ ಜ್ವರಕ್ಕೆ ಮಳೆಗಾಲದಲ್ಲಿ ಒಂದು ಏರು, ಮಳೆ ಮುಗಿದ ಮೇಲೆ ಇನ್ನೊಂದು ಏರು.

ಫ್ಲುವಿಯಲ್ಲೂ ಒಳಜಾತಿ ಇವೆ. ಎಸ್, ಟಿ, ಯು ಅಂತ ಅಕ್ಷರ ಇಟ್ಟಿದ್ದಾರೆ. ಕಣ್ಣಿಗೆ ಮೂರೂ ಒಂದೇ, ವರ್ಣತಂತುವನ್ನೋ ಡಿಎನ್‌ಎಯನ್ನೋ ನೋಡಬೇಕು. ಟಿ, ಯು ದನದ ಕಡೆ ಹೋಗುವವು. ಎಸ್ ಮನುಷ್ಯನನ್ನೇ ಹುಡುಕಿಕೊಂಡು ಬರುತ್ತೆ. ಅದಕ್ಕೇ ಅದು ಸಂಖ್ಯೆಯಲ್ಲಿ ಕಮ್ಮಿ ಇದ್ದರೂ ಭಯ ಜಾಸ್ತಿ. ಆಗಸ್ಟಿನಲ್ಲಿ ಕೊಟ್ಟಿಗೆಯಲ್ಲಿ ಹಿಡಿದ ರಾಶಿಗಿಂತ ನವೆಂಬರಿನಲ್ಲಿ ಮಲಗುವ ಕೋಣೆಯಲ್ಲಿ ಸಿಕ್ಕ ನಾಲ್ಕು ಸೊಳ್ಳೆ ಕೆಟ್ಟವು. ಬರೀ ಎಣಿಸುತ್ತಾ ಹೋದರೆ ಇದು ಗೊತ್ತಾಗಲ್ಲ.

ಇನ್ನೊಂದು ವಿಷಯ ವಯಸ್ಸು. ಸೊಳ್ಳೆ ರೋಗಿಯ ರಕ್ತ ಕುಡಿದ ತಕ್ಷಣ ರೋಗ ಹರಡಲ್ಲ. ಒಳಗೆ ಆ ಪರಾವಲಂಬಿ ಬೆಳೆದು ಜೊಲ್ಲು ಗ್ರಂಥಿಗೆ ಬರಲು ಹತ್ತು, ಹನ್ನೆರಡು ದಿನ, ಚಳಿಯಿದ್ದರೆ ಇನ್ನೂ ಜಾಸ್ತಿ ಬೇಕು. ಅಷ್ಟು ದಿನ ಸೊಳ್ಳೆ ಬದುಕಬೇಕು. ಎಳೇ ಸೊಳ್ಳೆ ಎಷ್ಟಿದ್ದರೂ ಅಷ್ಟಕ್ಕಷ್ಟೆ, ಮುದಿ ಸೊಳ್ಳೆ ನೋಡಿ ಹೆದರಬೇಕು. ಮುದಿಯೋ ಎಳೆಯೋ ನೋಡಲು ಹೊಟ್ಟೆ ಬಿಡಿಸುತ್ತೇವೆ. ಗಾಜಿನ ಮೇಲೆ ಒಂದು ಹನಿ ಡಿಸ್ಟಿಲ್ಡ್ ನೀರು, ಎರಡು ಸೂಜಿ. ಕೊನೆಯ ಎರಡು ಉಂಗುರ ಹಿಡಿದು ಮೆಲ್ಲಗೆ ಎಳೆದರೆ ಅಂಡಾಶಯ ಜೋಡಿಯಾಗಿ ಹೊರಗೆ ಜಾರುತ್ತೆ. ಒಣಗಲು ಬಿಟ್ಟು ನೋಡಿದರೆ ಅದರ ಮೇಲಿನ ಉಸಿರು ನಾಳಗಳ ತುದಿ ಕಾಣುತ್ತೆ. ಒಂದೂ ಸಲ ಮೊಟ್ಟೆ ಇಡದಿದ್ದರೆ ಆ ತುದಿಗಳು ದಾರದ ಉಂಡೆಯ ಹಾಗೆ ಸುತ್ತಿಕೊಂಡಿರುತ್ತವೆ. ಒಮ್ಮೆ ಇಟ್ಟಿದ್ದರೆ ಉಂಡೆ ಬಿಚ್ಚಿ ದಾರ ನೇರ ಆಗಿರುತ್ತೆ. ಹೆತ್ತ ಹೊಟ್ಟೆ ಮತ್ತೆ ಮೊದಲಿನ ಹಾಗಾಗಲ್ಲ ಅಂತ ದಾದಾ ತಮಾಷೆ ಮಾಡುತ್ತಿದ್ದರು. ಚಳಿಗಾಲದ ಫ್ಲುವಿಯಲ್ಲಿ ಬಿಚ್ಚಿದ ದಾರವೇ ಮತ್ತೆ ಮತ್ತೆ ಕಾಣುತ್ತಿತ್ತು.

ಚಳಿಯಲ್ಲಿ ಸೊಳ್ಳೆ ಸಾಯಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೋರಾಪುಟ್ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಡಿಸೆಂಬರ್ ರಾತ್ರಿ ಹಲ್ಲು ಕಟಕಟ. ಮಾರಕ ಮಲೇರಿಯಾದ ಪರಾವಲಂಬಿ, ಫಾಲ್ಸಿಪೇರಮ್, 18 ಡಿಗ್ರಿಗಿಂತ ಕೆಳಗೆ ಸೊಳ್ಳೆಯೊಳಗೆ ಬೆಳೆಯುವುದೇ ಕಷ್ಟ. ಹವಾಮಾನದ ಅಂಕಿ ನೋಡಿದರೆ ಡಿಸೆಂಬರಿನಲ್ಲಿ ಏನೂ ಆಗಬಾರದು. ಆದರೆ ಸೊಳ್ಳೆ ಹಗಲು ಕಳೆಯುವುದು ಎಲ್ಲಿ? ಕಿಟಕಿ ಇಲ್ಲದ ಮಣ್ಣಿನ ಮನೆಯಲ್ಲಿ, ಒಲೆಯ ಬಿಸಿ ಇರುವ ಕೋಣೆಯಲ್ಲಿ. ನಾನು ಒಂದು ರಾತ್ರಿ ಥರ್ಮಾಮೀಟರ್ ಒಳಗೊಂದು, ಹೊರಗೊಂದು ಇಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡು ಬೇರೆ ಬೇರೆ ಊರಿನ ಹಾಗಿದ್ದವು.

ಇನ್ನು ಜನರ ಕಾಲಮಾನ. ಇದನ್ನು ಯಾವ ಟ್ಯೂಬಿನಲ್ಲೂ ಹಿಡಿಯಲು ಬರಲ್ಲ. ನವೆಂಬರ್, ಡಿಸೆಂಬರ್ ಅಂದರೆ ಕೊಯ್ಲು. ಹಂದಿ ಕಾಟಕ್ಕೆ ಗಂಡಸರು ಗದ್ದೆಯ ಗುಡಿಸಲಲ್ಲಿ ಮಲಗುತ್ತಾರೆ. ಆಮೇಲೆ ಕಣದಲ್ಲಿ ಭತ್ತ, ರಾಗಿ ಕಾಯುವುದು. ಗುಡಿಸಲು ಇರುವುದು ಝೋಲಾ ಪಕ್ಕದಲ್ಲೇ, ಸೊಳ್ಳೆಯ ಹೆರಿಗೆ ಮನೆಗೆ ಹತ್ತು ಹೆಜ್ಜೆ. ಕತ್ತಲಾದ ಮೇಲೆ ನಡುರಾತ್ರಿವರೆಗೆ ಅವು ಕಚ್ಚುವ ಹೊತ್ತಿಗೆ ಇವರು ಬೆಂಕಿ ಸುತ್ತ ಕೂತಿರುತ್ತಾರೆ. ಪರದೆ ಮನೆಯಲ್ಲಿ, ಮನುಷ್ಯ ಗದ್ದೆಯಲ್ಲಿ. ಜನವರಿಯಲ್ಲಿ ಪುಸ್ ಪರಬ್, ಪುಷ್ಯ ಮಾಸದ ಹಬ್ಬ. ರಾತ್ರಿಯೆಲ್ಲ ಢೆಮ್ಸಾ ಕುಣಿತ, ಒಬ್ಬರ ಬೆನ್ನಿಗೊಬ್ಬರು ಕೈ ಹೆಣೆದು.

ಹಬ್ಬಕ್ಕೆ ಮುಂಚೆ ಹೆಂಗಸರು ಗೋಡೆಗೆ ಹೊಸ ಮಣ್ಣು ಬಳಿಯುತ್ತಾರೆ. ಕೆಮ್ಮಣ್ಣಿನ ಗೋಡೆ, ಕೆಳಗೆ ಕಪ್ಪು ಪಟ್ಟಿ, ಎಷ್ಟು ನುಣುಪು ಅಂದರೆ ಕೈ ಆಡಿಸಬೇಕು ಅನ್ನಿಸುತ್ತೆ. ನಮ್ಮ ಕಡೆ ದೀಪಾವಳಿಗೆ ಜಗಲಿ ಸಾರಿಸಿದ ಹಾಗೆ. ಆ ಮಣ್ಣಿನ ಕೆಳಗೆ ಏನು ಮುಚ್ಚಿಹೋಯ್ತು ಹೇಳಿ? ಗೋಡೆಗೆ ಹೊಡೆದಿದ್ದ ಔಷಧಿ. ಡಿಡಿಟಿ ಗೋಡೆಯ ಮೇಲೆ ಎರಡೂವರೆ ಮೂರು ತಿಂಗಳು ಕೆಲಸ ಮಾಡುತ್ತೆ, ಗೋಡೆ ಹಾಗೇ ಇದ್ದರೆ. ಸೊಳ್ಳೆ ಮನೆಯೊಳಗೆ ಕೂರುವ ತಿಂಗಳಲ್ಲೇ ಗೋಡೆ ಹೊಸದಾಗುತ್ತೆ. ಹಬ್ಬ ಮಾಡಬೇಡಿ ಅನ್ನಲು ಆಗುತ್ತಾ? ಹಬ್ಬ ಆದ ಮೇಲೆ ಹೊಡೆಯಿರಿ ಅನ್ನಬಹುದು. ದಾದಾ ಪ್ರತಿ ಮೀಟಿಂಗಿನಲ್ಲೂ ಅದನ್ನೇ ಅನ್ನುತ್ತಿದ್ದರಂತೆ. ಅಧಿಕಾರಿಗಳು ಚಹಾ ಕೊಡುತ್ತಿದ್ದರಂತೆ.

ಅಲ್ಲಿ ಕೆಲಸ ಆಗಿಲ್ಲ ಅಂತ ಮಾತ್ರ ಯಾರೂ ತಿಳಿಯಬೇಡಿ. ಒಡಿಶಾದಲ್ಲಿ 2016ರಲ್ಲಿ 4 ಲಕ್ಷಕ್ಕೂ ಮೀರಿ ಮಲೇರಿಯಾ ಪ್ರಕರಣ ಇದ್ದವು. ಆಮೇಲೆ ದಮನ್ ಅಂತ ಕಾರ್ಯಕ್ರಮ ಬಂತು. ದುರ್ಗಮ ಹಳ್ಳಿಗಳಿಗೆ ಹೋಗಿ, ಜ್ವರ ಇರಲಿ ಬಿಡಲಿ, ಎಲ್ಲರ ರಕ್ತ ನೋಡುವುದು. ಯಾಕೆಂದರೆ ಅಂಥ ಊರುಗಳಲ್ಲಿ ಆರಾಮಾಗಿ ಓಡಾಡುವವರ ರಕ್ತದಲ್ಲೂ ಪರಾವಲಂಬಿ ಇರುತ್ತೆ. ಜೊತೆಗೆ ಔಷಧಿ ಲೇಪಿಸಿದ ಸೊಳ್ಳೆ ಪರದೆ, 2017ರಲ್ಲಿ ಒಂದು ಕೋಟಿಗೂ ಜಾಸ್ತಿ ಹಂಚಿದರು. 2018ಕ್ಕೆ ಪ್ರಕರಣ 70 ಸಾವಿರದೊಳಗೆ ಬಂತು. ಆಮೇಲೆ ಕೆಲವು ವರ್ಷ ಮತ್ತೆ ಏರಿದ್ದೂ ಇದೆ. ನಾನು ಹೋಗುವ ಹೊತ್ತಿಗೆ ಊರಿನ ಆಶಾ ದೀದಿಯ ಚೀಲದಲ್ಲಿ ಕಿಟ್ಟೂ ಇತ್ತು, ಮಾತ್ರೆಯೂ ಇತ್ತು. ಬೆರಳು ಚುಚ್ಚಿ ಕಾಲು ಗಂಟೆಯಲ್ಲಿ ಫಲಿತಾಂಶ ಹೇಳುತ್ತಿದ್ದಳು.

ನನ್ನದನ್ನೂ ಅವಳೇ ಹೇಳಿದ್ದು.

ಎರಡನೇ ವರ್ಷದ ಫೆಬ್ರವರಿ. ಇಷ್ಟೆಲ್ಲ ಬರೆದ ನಾನು, ಪರದೆಯ ಬಗ್ಗೆ ಹಳ್ಳಿಯವರಿಗೆ ಭಾಷಣ ಮಾಡಿದ ನಾನು, ಜನವರಿಯಲ್ಲಿ ಮೂರು ರಾತ್ರಿ ಕಣದಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಬೆಂಕಿ ಇತ್ತು, ಮಾತು ಇತ್ತು, ಎದ್ದು ಹೋಗಲು ಮನಸ್ಸಾಗಲಿಲ್ಲ. ಚಳಿ ಬಂದಾಗ ಹೇಗಿರುತ್ತೆ ಅಂತ ಓದಿದ್ದೆ. ಬಂದಾಗ ಬೇರೆಯೇ. ಎರಡು ಕಂಬಳಿ ಮೇಲೆ ದಾದಾ ಗೋಣಿಚೀಲ ಹಾಕಿ ಅದರ ಮೇಲೆ ತಾವೇ ಒರಗಿದರು. ಮಂಚ ಅಲುಗುತ್ತಿತ್ತು. ಆಮೇಲೆ ಬೆವರು, ಆಮೇಲೆ ಏನೂ ಆಗಿಲ್ಲದ ಹಾಗೆ ಹಸಿವು.

ಅಲ್ಲಿ ಜಾಸ್ತಿ ಫಾಲ್ಸಿಪೇರಮ್. ನನ್ನದು ವೈವ್ಯಾಕ್ಸ್, ಅಷ್ಟು ಮಾರಕವಲ್ಲದ ಇನ್ನೊಂದು ಬಗೆ. ಅದೃಷ್ಟ ಅಂದರು. ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್. ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂರುತ್ತೆ, ಅದನ್ನು ತೆಗೆಯಲು ಆ 14 ದಿನ. ಐದನೇ ದಿನಕ್ಕೆ ನಾನು ಆರಾಮಾದೆ. ಯೋಜನೆ ಮುಗಿಯುತ್ತಿತ್ತು, ಸಾಮಾನು ಕಟ್ಟಬೇಕು, ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತಿತ್ತು. ಆರನೇ ದಿನ ಬಿಟ್ಟೆ. ಆಶಾ ದೀದಿ ಕೇಳಿದಾಗ ತಗೊಳ್ತಾ ಇದೀನಿ ಅಂದೆ. ಉಳಿದ ಮಾತ್ರೆ ಬ್ಯಾಗಿನ ಜಿಪ್ಪಿನಲ್ಲಿ ಊರಿಗೆ ಬಂದವು. ಅವುಗಳ ಜೊತೆ ಇನ್ನೇನೋ ಬಂದಿತ್ತು.

ಕಳೆದ ವರ್ಷ ಅಕ್ಟೋಬರ್. ಸ್ವಾತಿ ಮಳೆ ಶುರುವಾಗಿತ್ತು. ಮಧ್ಯಾಹ್ನ ಊಟ ಮಾಡಿ ಮಲಗಿದವನಿಗೆ ಚಳಿ ಹತ್ತಿತು. ಪೇಟೆಯ ಒಂದು ಕ್ಲಿನಿಕ್ಕಿಗೆ ಅಪ್ಪ ಕರೆದುಕೊಂಡು ಹೋದರು. ವೈರಲ್ ಅಂದರು, ಇಂಜೆಕ್ಷನ್ ಕೊಟ್ಟರು. ನಮ್ಮ ಕಡೆ ಈಗ ಮಲೇರಿಯಾ ಎಲ್ಲಿದೆ, ಅವರಿಗೆ ಹೊಳೆಯಲಿಲ್ಲ. ಜ್ವರ ಅಂದರೆ ಡೆಂಗ್ಯೂ, ಇಲಿಜ್ವರ, ಡಿಸೆಂಬರ್ ಆಚೆಗಾದರೆ ಮಂಗನ ಕಾಯಿಲೆ. ತಮಾಷೆ ಅಂದರೆ ನನಗೂ ಹೊಳೆಯಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಅದೇ ಹೊತ್ತಿಗೆ ಚಳಿ ಬರುತ್ತಿದೆ ಅಂತ ಲೆಕ್ಕ ಹಾಕಿ ಹೇಳಿದ್ದು ಅಮ್ಮ. ಅವಳು ಅಜ್ಜಿಯ ಸೊಸೆ, ಕೇಳಿ ಗೊತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ನೋಡಿದರು. ವೈವ್ಯಾಕ್ಸ್. ಮರುದಿನವೇ ಇಬ್ಬರು ಆರೋಗ್ಯ ಕಾರ್ಯಕರ್ತರು ಮನೆಗೆ ಬಂದರು. ಎಲ್ಲಿಗೆ ಹೋಗಿದ್ದಿರಿ, ಯಾವಾಗ ಬಂದಿರಿ, ಮಾತ್ರೆ ಪೂರ್ತಿ ತಗೊಂಡಿರಾ? ಆ ಮೂರನೇ ಪ್ರಶ್ನೆಗೆ ತಲೆ ತಗ್ಗಿಸಿದೆ. ಸುತ್ತಲಿನ ಮನೆಗಳವರ ರಕ್ತ ತೆಗೆದುಕೊಂಡರು. ಪಕ್ಕದ ಮನೆಯ ಎರಡು ವರ್ಷದ ಮಗು ಬೆರಳು ಚುಚ್ಚಿದ್ದಕ್ಕೆ ಕಿರುಚಿದ್ದು ನನಗೆ ಕೋಣೆಯಲ್ಲಿ ಮಲಗಿದ್ದಲ್ಲಿಗೇ ಕೇಳಿಸಿತು. ಫಲಿತಾಂಶ ಬರುವವರೆಗೆ ನನಗೆ ನಿದ್ದೆ ಇಲ್ಲ. ತೋಟದ ಕೆಳಗೆ ಹಳ್ಳ ಇದೆ, ಅದು ತಿಳಿಯಾಗುವ ಕಾಲ. ಸೊಳ್ಳೆ ತಾನಾಗಿ ಏನೂ ತರಲ್ಲ, ಯಾರೋ ಕೊಟ್ಟಿದ್ದನ್ನು ಇನ್ಯಾರಿಗೋ ತಲುಪಿಸುತ್ತೆ. ಕೊಡಲು ನಾನು ಬಂದು ಕೂತಿದ್ದೆ, ಬ್ಯಾಗಿನಲ್ಲಿ ಒಂಬತ್ತು ದಿನದ ಮಾತ್ರೆ ಇಟ್ಟುಕೊಂಡು. ಎಲ್ಲರದ್ದೂ ನೆಗೆಟಿವ್ ಬಂತು.

ಹದಿನಾಲ್ಕು ದಿನ ಅಮ್ಮ ಕೈಯಲ್ಲಿ ನೀರು ಹಿಡಿದು ನಿಂತು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ಹಗಲಲ್ಲೂ ಪರದೆಯೊಳಗೇ ಕೂರಿಸಿದ್ದಳು. ಈ ಸೊಳ್ಳೆ ಹಗಲು ಕಚ್ಚಲ್ಲ ಅಮ್ಮ ಅಂದೆ. "ನಿನ್ನ ವಿದ್ಯೆ ಗೊತ್ತಾಯ್ತು, ಸುಮ್ನೆ ಕೂತ್ಕೋ" ಅಂದಳು.

ಈ ವರ್ಷ ವಿಶಾಖೆ ಮಳೆ ಇಲ್ಲವೇ ಇಲ್ಲ ಅನ್ನುವ ಹಾಗೆ ಹೋಯ್ತು. ಹೋದ ಭಾನುವಾರ ಹಳ್ಳದ ಕಡೆ ಹೋದೆ, ಬೆಳಿಗ್ಗೆಯೇ. ನೀರು ತಳ ಕಾಣುವಷ್ಟು ತಿಳಿ. ಹನ್ನೊಂದು ಸೌಟು ಖಾಲಿ. ಹನ್ನೆರಡನೆಯದರಲ್ಲಿ ಎರಡು ಕಡ್ಡಿ ಚೂರು ಚಪ್ಪಟೆ ಮಲಗಿದ್ದವು. ನೆರಳು ಬಿದ್ದೊಡನೆ ಮುಳುಗಿದವು. ದಾದಾಗೆ ಫೋನ್ ಮಾಡಿದೆ. ಅಲ್ಲಿ ಭತ್ತ ಕೊಯ್ಲು ಶುರುವಾಗಿದೆಯಂತೆ. ರೆಕ್ಕೆ ಬಂದ ಮೇಲೆ ಮೂರನೇ ನರ ನೋಡಿ ಹೇಳು ಅಂದರು, ಪರೀಕ್ಷೆ ತೆಗೆದುಕೊಳ್ಳುವ ಮೇಷ್ಟ್ರ ಹಾಗೆ.

ಇದನ್ನು ಬರೆಯುತ್ತಾ ಅರ್ಧಕ್ಕೆ ಎದ್ದು ಹೋಗಿ ಬಾಟಲಿ ನೋಡಿ ಬಂದೆ. ಒಂದು ಪ್ಯೂಪಾ ಖಾಲಿ. ಹುಲ್ಲಿನ ಎಸಳಿನ ಮೇಲೆ ಸೊಳ್ಳೆ ಓರೆಯಾಗಿ ಕೂತಿದೆ, ರೆಕ್ಕೆ ಇನ್ನೂ ಒಣಗುತ್ತಿದೆ. ಲೆನ್ಸ್ ಹಿಡಿದರೆ ಮೀಸೆ ಗರಿಗರಿಯಾಗಿ ನವಿಲಿನ ಪುಕ್ಕದ ಹಾಗಿದೆ. ಗಂಡು. ರಕ್ತ ಕುಡಿಯುವುದಿಲ್ಲ, ಯಾರಿಗೂ ಏನೂ ಮಾಡುವುದಿಲ್ಲ. ಇನ್ನೊಂದು ಪ್ಯೂಪಾ ಕಪ್ಪಗಾಗಿದೆ, ನಾಳೆ ಬೆಳಿಗ್ಗೆಯೊಳಗೆ ಬರಬಹುದು. ರಬ್ಬರ್ ಬ್ಯಾಂಡ್ ಇನ್ನೊಂದು ಸುತ್ತು ಹಾಕಿ ಬಂದಿದ್ದೇನೆ.